ಹವೆ ಹಲವು, ಗಂಟು ಒಂದು

ಕನ್ನಡದಲ್ಲಿ ‘ಗಂಟು’ ಎಂಬ ಪದಕ್ಕೆ ಎರಡು ಮುಖಗಳಿವೆ. ಕೂಡಿಟ್ಟ ಹಣವೂ ಗಂಟೇ, ಊರು ಬಿಡುವಾಗ ಹೆಗಲೇರುವ ಬಟ್ಟೆಯ ಮೂಟೆಯೂ ಗಂಟೇ. ಮೊದಲನೆಯದು ದೊಡ್ಡದಾದಷ್ಟೂ ಒಳ್ಳೆಯದೆಂದು ಲೋಕ ನಂಬಿದೆ. ಎರಡನೆಯದು ಚಿಕ್ಕದಾದಷ್ಟೂ ಒಳ್ಳೆಯದೆಂದು ದಾರಿ ನಡೆದವರಿಗೆ ಗೊತ್ತು. ಆದರೆ ಮಧ್ಯಮ ವರ್ಗದ ನಾವು ಎರಡನೆಯ ಗಂಟನ್ನೂ ಮೊದಲನೆಯದರ ನಿಯಮದಂತೆಯೇ ಕಟ್ಟುತ್ತೇವೆ. ಎಲ್ಲಿ ಏನು ಬೇಕಾದೀತೋ ಎಂಬ ಅಂಜಿಕೆಯಿಂದ ಒಂದರ ಮೇಲೊಂದು ಪೇರಿಸುತ್ತಲೇ ಹೋಗುತ್ತೇವೆ.

ವೃತ್ತಿಯಿಂದ ನಿವೃತ್ತನಾದ ಮೇಲೆ ಪತ್ನಿಯೊಡನೆ ಜಮಖಂಡಿಯಿಂದ ಹೊರಟು ಹತ್ತು ತಿಂಗಳು ದೇಶ ಸುತ್ತಬೇಕೆಂದು ನಿಶ್ಚಯಿಸಿದ್ದೇನೆ. ಜುಲೈಯ ಮಳೆಗೆ ಮಂಗಳೂರು, ದಸರೆಯ ಹೊತ್ತಿಗೆ ಕಾಶಿ, ಡಿಸೆಂಬರಿನ ಚಳಿಗೆ ದೆಹಲಿ, ಮಾರ್ಚಿನಲ್ಲಿ ರಾಜಸ್ಥಾನದ ಮರಳು, ಮೇ ತಿಂಗಳಲ್ಲಿ ಕೇದಾರನಾಥ. ಸುದ್ದಿ ತಿಳಿದದ್ದೇ ತಡ, ಬಂಧುಮಿತ್ರರು ಒಬ್ಬೊಬ್ಬರೂ ಒಂದೊಂದು ಪಟ್ಟಿ ಒದಗಿಸಿದರು. ಮಳೆಗೊಂದು ಜರ್ಕಿನ್, ಚಳಿಗೊಂದು, ಹಿಮಕ್ಕೆ ಮತ್ತೊಂದು, ದಿನಕ್ಕೊಂದರಂತೆ ಅಂಗಿ, ಊರಿಗೊಂದರಂತೆ ಪಾದರಕ್ಷೆ. ಎಲ್ಲ ಪಟ್ಟಿಗಳನ್ನೂ ಕೂಡಿಸಿದರೆ ನಮ್ಮಿಬ್ಬರ ಜೊತೆಗೆ ಒಬ್ಬ ಹಮಾಲನೂ ಹತ್ತು ತಿಂಗಳು ಪ್ರವಾಸ ಮಾಡಬೇಕಾಗುತ್ತದೆ. ದೇಶದೊಳಗಿನ ಬಹುತೇಕ ವಿಮಾನಗಳು ಸಾಮಾನ್ಯ ಪ್ರಯಾಣಿಕನಿಗೆ ಬಿಟ್ಟುಕೊಡುವುದು 15 ಕಿಲೋ. ರೈಲಿನಲ್ಲಿ ಅಷ್ಟು ಬಿಗಿಯಿಲ್ಲ, ನಿಜ. ಆದರೆ ಅರವತ್ತು ದಾಟಿದವರ ಸೊಂಟಕ್ಕೆ ಅದರದೇ ಆದ ನಿಯಮಾವಳಿಯುಂಟು.

ಪಟ್ಟಿಗಳನ್ನು ಬದಿಗಿಟ್ಟು ನಾನು ನಮ್ಮ ಸೀಮೆಯತ್ತಲೇ ಕಣ್ಣು ಹಾಯಿಸಿದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳನ್ನು ಯಾರೂ ಪ್ರವಾಸಿಗರ ನಾಡೆಂದು ಕರೆಯುವುದಿಲ್ಲ. ಆದರೂ ತಿಂಗಳುಗಟ್ಟಲೆ ಮನೆಯಿಂದ ದೂರ ಉಳಿಯುವ, ಮಳೆ ಚಳಿ ಬಿಸಿಲುಗಳನ್ನು ಒಂದೇ ಗಂಟಿನಿಂದ ಎದುರಿಸುವ ಜನ ಇಲ್ಲಿ ಕಡಿಮೆಯಿಲ್ಲ. ಕಬ್ಬು ಕಡಿಯಲು ಬರುವವರು, ಕುರಿ ಹಿಂಡಿನೊಡನೆ ಅಲೆಯುವವರು, ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೋಗುವವರು, ಕರಾವಳಿಗೆ ದುಡಿಯಲು ಹೋಗುವವರು. ದೀರ್ಘ ಪ್ರವಾಸದ ಬಟ್ಟೆಯ ಬಗ್ಗೆ ಪಾಠ ಹೇಳುವ ಅರ್ಹತೆ ಯಾರಿಗಾದರೂ ಇದ್ದರೆ ಅದು ಇವರಿಗೆ.

ಮೊದಲು ಕಬ್ಬಿನ ಗ್ಯಾಂಗುಗಳನ್ನು ನೋಡೋಣ. ಕೃಷ್ಣೆ ಘಟಪ್ರಭೆಯರ ನೀರುಂಡ ಜಮಖಂಡಿ, ಮುಧೋಳದ ಹೊಲಗಳಲ್ಲಿ ಅಕ್ಟೋಬರ್-ನವೆಂಬರಿನಲ್ಲಿ ಕಬ್ಬು ನುರಿಸುವ ಹಂಗಾಮು ಆರಂಭವಾಗುತ್ತದೆ. ಮಹಾರಾಷ್ಟ್ರದ ಬೀಡ್ ಕಡೆಯಿಂದ, ನಮ್ಮದೇ ವಿಜಯಪುರದ ಒಣ ಹಳ್ಳಿಗಳಿಂದ ಕುಟುಂಬಗಳು ಬಂದಿಳಿಯುತ್ತವೆ. ಮಾರ್ಚ್-ಏಪ್ರಿಲ್‌ವರೆಗೆ ತಾಡಪತ್ರಿಯ ಗುಡಿಸಲೇ ಅವರ ಮನೆ. ಅವರು ಒಂದೇ ಕಡೆ ಬೀಡುಬಿಟ್ಟರೂ ಹವೆ ಅವರ ಮೇಲೆ ಪ್ರವಾಸ ಮಾಡುತ್ತದೆ. ಹಿಂಗಾರಿನ ಕೊನೆಯ ಮಳೆ, ಡಿಸೆಂಬರಿನ ಬೆಳಗಿನ ಜಾವದ ಕೊರೆತ, ಏಪ್ರಿಲಿನ ನಲವತ್ತು ಡಿಗ್ರಿಯ ಬಿಸಿಲು. ಆ ಹೆಣ್ಣುಮಕ್ಕಳ ಉಡುಪನ್ನು ಗಮನಿಸಿದ್ದೀರಾ? ಸೀರೆಯ ಮೇಲೆ ಗಂಡನದೋ ಮಗನದೋ ಹಳೆಯ ತುಂಬುತೋಳಿನ ಅಂಗಿ, ತಲೆಗೆ ಬಿಗಿದ ವಸ್ತ್ರ. ಕಬ್ಬಿನ ಗರಿಯ ಅಂಚು ಗರಗಸದಂಥದು. ಬರಿ ತೋಳನ್ನು ಗೀರದೆ ಬಿಡುವುದಿಲ್ಲ. ಆ ಒಂದು ಅಂಗಿ ನಸುಕಿನಲ್ಲಿ ಚಳಿ ತಡೆಯುತ್ತದೆ, ಹಗಲಿನಲ್ಲಿ ಗರಿ ತಡೆಯುತ್ತದೆ, ಮಧ್ಯಾಹ್ನ ಬಿಸಿಲು ತಡೆಯುತ್ತದೆ. ಮೂರು ಕೆಲಸಕ್ಕೆ ಒದಗದ ಬಟ್ಟೆ ಗಂಟಿಗೆ ಭಾರ ಎಂಬುದು ನಾನು ಕಲಿತ ಮೊದಲ ನಿಯಮ. ನಮ್ಮ ಪಟ್ಟಿಯ ಮೂರು ಜರ್ಕಿನ್ನುಗಳಲ್ಲಿ ಎರಡು ಅಲ್ಲಿಯೇ ಉದುರಿದವು.

ಎರಡನೆಯ ಪಾಠ ಕುರಿಗಾರರದು. ಸುಗ್ಗಿಯಾದ ಹೊಲದಿಂದ ಹೊಲಕ್ಕೆ ಹಿಂಡು ತರುಬುತ್ತ ನಡೆಯುವ ಕುರುಬನ ಹೆಗಲ ಮೇಲಿನ ಕರಿಯ ಕಂಬಳಿ ಹಾಸಿಗೆಯೂ ಹೌದು, ಹೊದಿಕೆಯೂ ಹೌದು. ತುದಿ ಮಡಚಿ ತಲೆಗೇರಿಸಿದರೆ ಮಳೆಗೆ ಕೊಪ್ಪೆ. ದಖ್ಖನಿ ಕುರಿಯ ಉಣ್ಣೆ ಒರಟು. ನೇಯುವ ಮೊದಲು ನೂಲಿಗೆ ಹುಣಸೆ ಬೀಜದ ಗಂಜಿ ಹಾಕುವುದರಿಂದ ಬಟ್ಟೆ ಬಿಗಿಯಾಗಿ, ಸಣ್ಣ ಮಳೆಯ ಹನಿ ಮೇಲಿಂದಲೇ ಜಾರಿಹೋಗುತ್ತದೆ. ಇದರ ಹಿಂದಿನ ವಿಜ್ಞಾನವೂ ಸರಳ. ಸಾಮಾನ್ಯ ಹವೆಯ ತೇವದಿಂದಲೇ ಹತ್ತಿ ತನ್ನ ತೂಕದ ಶೇ 7-8ರಷ್ಟು ನೀರನ್ನು ಹೀರಿಕೊಂಡರೆ ಉಣ್ಣೆ ಶೇ 16ರಷ್ಟನ್ನು ಹೀರುತ್ತದೆ. ಪಾಲಿಯೆಸ್ಟರ್ ಶೇ ಅರ್ಧದಷ್ಟನ್ನೂ ಹೀರದು. ಉಣ್ಣೆಯ ಎಳೆ ಗುಂಗುರಾಗಿರುವುದರಿಂದ ನಡುವೆ ಗಾಳಿ ಸೆರೆಯಾಗಿ ನಿಲ್ಲುತ್ತದೆ. ಮೈಯನ್ನು ಬೆಚ್ಚಗಿಡುವುದು ಆ ಗಾಳಿಯೇ. ಒದ್ದೆಯಾದ ಹತ್ತಿ ಮೈಗಂಟಿ ಶಾಖವನ್ನು ಕದಿಯುತ್ತದೆ. ತೇವಗೊಂಡ ಉಣ್ಣೆ ಆಗಲೂ ಒಂದಿಷ್ಟು ಬೆಚ್ಚಗಿಡುತ್ತದೆ. ಬೆಟ್ಟದ ಚಳಿಯಲ್ಲಿ ಹತ್ತಿಯನ್ನು ನೆಚ್ಚಬಾರದೆಂದು ಚಾರಣಿಗರು ಎಚ್ಚರಿಸುವುದು ಇದಕ್ಕಾಗಿಯೇ.

ಮೂರನೆಯವರು ಪಾದಯಾತ್ರಿಗಳು. ಯುಗಾದಿಗೆ ಶ್ರೀಶೈಲ ಮಲ್ಲಯ್ಯನ ಸನ್ನಿಧಿಯಲ್ಲಿರಬೇಕೆಂದು ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳಿಂದ ಸಾವಿರಾರು ಜನ ಪ್ರತಿ ವರ್ಷ ನಡೆದೇ ಹೋಗುತ್ತಾರೆ. ನಾನೂರು ಕಿಲೋಮೀಟರ್ ಆಸುಪಾಸಿನ ದಾರಿ, ಮಾರ್ಚಿನ ಬಿಸಿಲು, ಕೊನೆಗೆ ನಲ್ಲಮಲೆಯ ಕಾಡು. ಅವರ ಚೀಲದಲ್ಲಿರುವುದು ಎರಡೇ ಜೊತೆ ತೆಳು ಹತ್ತಿ ಬಟ್ಟೆ, ಒಂದು ಟವೆಲು, ಒಂದು ಹೊದಿಕೆ. ಮೈಮೇಲಿನದು ಬೆವರಿಗೆ, ಚೀಲದ ಮೇಲೆ ಹರವಿದ್ದು ಒಣಗಲಿಕ್ಕೆ. ನಡೆಯುವವನೇ ಬಟ್ಟೆ ಒಣಹಾಕುವ ಹಗ್ಗವೂ ಆಗಿರುತ್ತಾನೆ. ಎಷ್ಟು ದಿನದ ಪ್ರಯಾಣ ಎಂಬುದಲ್ಲ, ಬಟ್ಟೆ ಎಷ್ಟು ಹೊತ್ತಿಗೆ ಒಣಗುತ್ತದೆ ಎಂಬುದೇ ಎಷ್ಟು ಜೊತೆ ಬೇಕೆಂಬುದನ್ನು ನಿರ್ಧರಿಸುತ್ತದೆ. ಹತ್ತು ದಿನಕ್ಕೆ ಸಾಲುವ ಬಟ್ಟೆ ಹತ್ತು ತಿಂಗಳಿಗೂ ಸಾಲುತ್ತದೆ, ನಡುವೆ ಒಂದು ಸೋಪಿನ ಬಿಲ್ಲೆ ಇದ್ದರಾಯಿತು.

ಇಷ್ಟು ಹೇಳಿ ಹತ್ತಿ ಉಣ್ಣೆಗಳಿಗೆ ಜಯಕಾರ ಹಾಕಿ ಮುಗಿಸಿಬಿಡಬಹುದಿತ್ತು. ಆದರೆ ಕರಾವಳಿಗೆ ದುಡಿಯಲು ಹೋದವರು ಹಾಗೆ ಮುಗಿಸಲು ಬಿಡುವುದಿಲ್ಲ. ಬಾಗಲಕೋಟೆ ಜಿಲ್ಲೆಯಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರ್ ಒಳಗೆ. ಮಂಗಳೂರಿನಲ್ಲಿ ಜುಲೈ ಒಂದೇ ತಿಂಗಳಲ್ಲಿ ಸುಮಾರು 1,000 ಮಿಲಿಮೀಟರ್ ಸುರಿಯುತ್ತದೆ. ನಮ್ಮಲ್ಲಿ ಎರಡು ತಾಸಿಗೆ ಗರಿಗರಿಯಾಗುವ ಹತ್ತಿ ಧೋತರ ಅಲ್ಲಿ ಮೂರು ದಿನವಾದರೂ ಮುಗ್ಗಲು ವಾಸನೆ ಬಿಡದು. ಒಣಗದ ಬಟ್ಟೆ ಉಟ್ಟು ತೊಡೆಸಂದಿಯ ತುರಿಕೆ ಹತ್ತಿಸಿಕೊಂಡವರೆಷ್ಟೋ. ಹೀಗಾಗಿ ಬೀಳಗಿ, ಬಾದಾಮಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಹೋದವರು ಪಾಲಿಯೆಸ್ಟರ್ ಪ್ಯಾಂಟು, ತೆಳು ಟೀ ಶರ್ಟಿಗೆ ಬದಲಾದದ್ದು ಷೋಕಿಯಿಂದಲ್ಲ. ಹಿಂಡಿ ಕೊಡವಿದರೆ ಒಂದು ರಾತ್ರಿಯಲ್ಲಿ ಒಣಗುವ ಬಟ್ಟೆಗೆ ಅಲ್ಲಿ ಬೆಲೆಯಿದೆ. ಬೆವರು ಹೀರದಿರುವುದು ಬೇಸಿಗೆಯಲ್ಲಿ ಅದರ ದೋಷ, ನೀರು ಹೀರದಿರುವುದು ಮಳೆಗಾಲದಲ್ಲಿ ಅದರ ಗುಣ. ಬಟ್ಟೆಯಲ್ಲಿ ಒಳ್ಳೆಯದು ಕೆಟ್ಟದ್ದು ಎಂಬುದಿಲ್ಲ, ಹವೆಗೆ ಒಗ್ಗಿದ್ದು ಒಗ್ಗದ್ದು ಎಂಬುದಷ್ಟೇ ಉಂಟು.

ಇನ್ನು ಉಳಿದದ್ದು ಹಿಮಾಲಯದ ಭಯ. ಇದನ್ನೂ ಲೆಕ್ಕಕ್ಕೆ ಇಳಿಸಬಹುದು. ಪ್ರತಿ 1,000 ಮೀಟರ್ ಎತ್ತರಕ್ಕೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಜಮಖಂಡಿ ಸಮುದ್ರಮಟ್ಟದಿಂದ ಸುಮಾರು 550 ಮೀಟರ್ ಎತ್ತರದಲ್ಲಿದ್ದರೆ ಕೇದಾರನಾಥ 3,583 ಮೀಟರ್. ಅಂದರೆ ಎತ್ತರವೊಂದರಿಂದಲೇ ಹತ್ತಿರಹತ್ತಿರ ಇಪ್ಪತ್ತು ಡಿಗ್ರಿಯ ವ್ಯತ್ಯಾಸ. ಇದಕ್ಕೆ ಒಂದೇ ದಪ್ಪ ಕೋಟಿಗಿಂತ ತೆಳುವಾದ ಹಲವು ಪದರಗಳು ಮೇಲು. ಪದರ ಪದರಗಳ ನಡುವೆ ಗಾಳಿ ನಿಲ್ಲುತ್ತದೆ. ಏರುವಾಗ ಬೆವರಿದರೆ ಒಂದನ್ನು ಕಳಚಬಹುದು, ನಿಂತಾಗ ಮತ್ತೆ ತೊಡಬಹುದು. 1924ರಲ್ಲಿ ಎವರೆಸ್ಟಿನಲ್ಲಿ ಕಣ್ಮರೆಯಾದ ಜಾರ್ಜ್ ಮ್ಯಾಲರಿಯ ದೇಹ 1999ರಲ್ಲಿ ಪತ್ತೆಯಾದಾಗ ಮೈಮೇಲಿದ್ದುದು ರೇಷ್ಮೆ, ಹತ್ತಿ, ಉಣ್ಣೆಗಳ ಹಲವು ಪದರ, ಅವುಗಳ ಮೇಲೆ ಗ್ಯಾಬರ್ಡಿನ್. ಆ ಉಡುಪಿನ ನಕಲು ಸಿದ್ಧಪಡಿಸಿ 2006ರಲ್ಲಿ ಎವರೆಸ್ಟಿನ ಮೇಲೆಯೇ ತೊಟ್ಟು ನೋಡಿದಾಗ ಅದು ಹಗುರವೂ ಬೆಚ್ಚಗೂ ಇತ್ತು ಎಂಬುದು ತಿಳಿದುಬಂತು. ಒಂದು ಸೆರಗಿನಲ್ಲಿ ರೇಷ್ಮೆ, ಒಡಲಿನಲ್ಲಿ ಹತ್ತಿ ಕೂಡಿಸಿ ಇಳಕಲ್ ಸೀರೆ ನೇಯುವ ನಾಡಿಗೆ ಇದರಲ್ಲಿ ಅಚ್ಚರಿಪಡುವಂಥದ್ದೇನೂ ಇರಲಾರದು.

ಈ ನಾಲ್ಕೂ ಪಾಠಗಳನ್ನು ಕೂಡಿಸಿ ನಮ್ಮ ಗಂಟನ್ನು ಹೀಗೆ ತೂಗಿದ್ದೇವೆ. ತಲಾ ಮೂರು ಜೊತೆ: ಒಂದು ಮೈಮೇಲೆ, ಒಂದು ಹಗ್ಗದ ಮೇಲೆ, ಒಂದು ಚೀಲದಲ್ಲಿ. ಮೂರರಲ್ಲಿ ಎರಡು ಹತ್ತಿಯವು, ಒಂದು ಬೇಗ ಒಣಗುವ ಮಿಶ್ರ ನೂಲಿನದು. ಯಾವುದರ ಮೇಲೆ ಯಾವುದನ್ನು ತೊಟ್ಟರೂ ಹೊಂದುವ ಬಣ್ಣ. ಪತ್ನಿ ಸೀರೆಯನ್ನು ಎರಡಕ್ಕೆ ಇಳಿಸಿ, ಬೆಟ್ಟ ಏರಲು ಒಂದು ಸಲ್ವಾರ್ ಸೇರಿಸಿಕೊಂಡಿದ್ದಾಳೆ. ಮೈಗಂಟುವ ಒಂದು ಥರ್ಮಲ್, ಒಂದು ಉಣ್ಣೆಯ ಸ್ವೆಟರ್, ಒಂದು ಶಾಲು, ಎರಡು ಜೊತೆ ಉಣ್ಣೆಯ ಕಾಲುಚೀಲ. ಇವೆಲ್ಲದರ ಮೇಲೂ ತೊಡಬಹುದಾದ ಸಡಿಲ ಮಳೆಯಂಗಿ. ಮಂಗಳೂರಿನಲ್ಲಿ ಮಳೆಗೆ, ಕೇದಾರದಲ್ಲಿ ಗಾಳಿಗೆ. ದಪ್ಪ ಜಾಕೆಟ್ ಬೇಕೆನಿಸಿದರೆ ಹಿಮಾಲಯದ ಅನೇಕ ಪ್ರವಾಸಿ ಊರುಗಳಲ್ಲಿ ಬಾಡಿಗೆಗೆ ಸಿಗುತ್ತದೆ. ನಾಲ್ಕು ದಿನ ತೊಡುವುದನ್ನು ಹತ್ತು ತಿಂಗಳು ಹೊರಬೇಕಿಲ್ಲ. ಒಂದು ಹವೆ ಮುಗಿದಾಗ ಬೇಡವಾದದ್ದನ್ನು ಅಂಚೆಯಲ್ಲಿ ಊರಿಗೆ ಕಳುಹಿಸಿದರಾಯಿತು.

ನಮಗೆ ಶಾಲು ಸಾಕು. ಕಂಬಳಿಯ ಭಾರ ನಮ್ಮ ಹೆಗಲಿಗೆ ಹೆಚ್ಚು, ಅದರ ಒರಟುತನ ನಮ್ಮ ಚರ್ಮಕ್ಕೆ ಹೆಚ್ಚು. ಆದರೆ ಅದು ಬೇಕಾದವರು ಬೇರೆ ಇದ್ದಾರೆ. ಯಾರಿಂದ ಈ ವಿವೇಕವನ್ನು ಕಲಿತೆನೋ ಅವರ ಗಂಟಿನಲ್ಲೇ ಇಂದು ಅದು ಇಲ್ಲ. ಡಿಸೆಂಬರಿನ ಒಂದು ನಸುಕಿನಲ್ಲಿ ಕಬ್ಬಿನ ಗುಡಿಸಲುಗಳ ಪಕ್ಕ ಹಾದುಹೋಗಿ ನೋಡಿ. ಮಕ್ಕಳ ಮೈಮೇಲೆ ತೆಳು ಸಿಂಥೆಟಿಕ್ ಚಾದರ, ಕೆಳಗೆ ಗೊಬ್ಬರದ ಚೀಲ, ಮೇಲೆ ಪ್ಲಾಸ್ಟಿಕ್ ತಾಡಪತ್ರಿ. ನಾನು ಆಯ್ದು ಆಯ್ದು ಮೂರು ಜೊತೆಗೆ ಇಳಿದೆ. ಅವರಿಗೆ ಆಯ್ಕೆಯೇ ಇರಲಿಲ್ಲ. ಗಂಟು ಹಗುರವಾಗಿರುವುದು ವಿವೇಕದಿಂದಲೋ ಬಡತನದಿಂದಲೋ ಎಂಬುದನ್ನು ಹೊರಗಿನಿಂದ ನೋಡಿ ಹೇಳಲಾಗದು. ಚಳಿಗೆ ಮಾತ್ರ ಅದು ಗೊತ್ತಾಗುತ್ತದೆ.

ಇದು ನಡೆಯುತ್ತಿರುವುದು ಬಟ್ಟೆಯಿಲ್ಲದ ನಾಡಿನಲ್ಲಲ್ಲ. ಅದೇ ಹೊಲಗಳಿಂದ ಕೆಲವೇ ಮೈಲಿ ದೂರದಲ್ಲಿ ರಬಕವಿ-ಬನಹಟ್ಟಿಯ ಮಗ್ಗಗಳು ಸದ್ದು ಮಾಡುತ್ತವೆ. 2019ರ ಪ್ರವಾಹ, ಅದರ ಬೆನ್ನಿಗೇ 2020ರ ಲಾಕ್‌ಡೌನ್ ಬಂದಾಗ ನೇಯ್ದ ಸೀರೆಗಳು ಕೊಳ್ಳುವವರಿಲ್ಲದೆ ನೇಕಾರರ ಮನೆಗಳಲ್ಲೇ ಉಳಿದವು. ಕುರಿಗಾರರ ಕಥೆಯೂ ಭಿನ್ನವಲ್ಲ. ಮಾಂಸಕ್ಕೆ ಹೆಚ್ಚು ಬೆಲೆ ಬರುತ್ತಿದ್ದಂತೆ ಉಣ್ಣೆಯ ದಖ್ಖನಿ ಕುರಿಯ ಜಾಗಕ್ಕೆ ಉಣ್ಣೆಯಿಲ್ಲದ ಎಳಗ ಕುರಿ ಬಂತು. ಎಷ್ಟೋ ಕಡೆ ಉಣ್ಣೆ ಮಾರಿದರೆ ಕತ್ತರಿಸಿದ ಕೂಲಿಯೂ ಹುಟ್ಟುವುದಿಲ್ಲ. ಒಂದೇ ತಾಲ್ಲೂಕಿನಲ್ಲಿ ಗಿರಾಕಿಯಿಲ್ಲದ ನೇಕಾರ, ಬೆಲೆಯಿಲ್ಲದ ಉಣ್ಣೆ, ಹೊದಿಕೆಯಿಲ್ಲದ ಕೂಲಿ. ಮೂವರೂ ಒಬ್ಬರಿಗೊಬ್ಬರು ಕಾಣಿಸದಿರುವುದು ಹೇಗೆ?

ಕಾಣಿಸುವಂತೆ ಮಾಡುವುದು ದೊಡ್ಡ ಯೋಜನೆಯ ಮಾತೇನೂ ಅಲ್ಲ. ಶಾಲಾ ಮಕ್ಕಳ ಸಮವಸ್ತ್ರದ ಬಟ್ಟೆಯನ್ನು ಕೈಮಗ್ಗ ಅಭಿವೃದ್ಧಿ ನಿಗಮದ ಮೂಲಕ ನೇಕಾರರಿಂದಲೇ ನೇಯಿಸಿದ ಮಾದರಿ ನಮ್ಮ ರಾಜ್ಯದಲ್ಲಿದೆ. ಅದರಂತೆಯೇ ಪ್ರತಿ ಹಂಗಾಮಿನ ಮೊದಲ ದಿನ ಕಬ್ಬು ಕಡಿಯುವ ಪ್ರತಿಯೊಬ್ಬರಿಗೂ ಬನಹಟ್ಟಿಯ ಮಗ್ಗದ ದಪ್ಪ ಹತ್ತಿಯ ಎರಡು ತುಂಬುತೋಳಿನ ಅಂಗಿ, ಪ್ರತಿ ಗುಡಿಸಲಿಗೂ ಕುರುಬರ ಮಗ್ಗದ ಎರಡು ಕಂಬಳಿ ಸಿಗಲಿ. ವೆಚ್ಚವನ್ನು ಕಾರ್ಖಾನೆಗಳೂ ಸರ್ಕಾರವೂ ಹಂಚಿಕೊಳ್ಳಲಿ. ಇವರು ನಮ್ಮ ನೌಕರರಲ್ಲ, ಗುತ್ತಿಗೆದಾರನ ಜನ ಎಂಬ ಉತ್ತರ ಬಂದೀತು. ಗುತ್ತಿಗೆ ಯಾರದೇ ಇರಲಿ, ಅವರು ಕಡಿದ ಕಬ್ಬಿನ ಸಕ್ಕರೆ ನಮ್ಮೆಲ್ಲರ ಚಹಾದಲ್ಲಿದೆ. ಪ್ರವಾಸಕ್ಕೆ ಏನೇನು ಒಯ್ಯಬೇಕೆಂದು ವಾರಗಟ್ಟಲೆ ಚರ್ಚಿಸುವ ಬಿಡುವು ನಮಗಿದೆ. ಹೊಟ್ಟೆಪಾಡಿಗಾಗಿ ಆರು ತಿಂಗಳು ಮನೆ ಬಿಟ್ಟು ಬರುವವರ ಗಂಟಿನಲ್ಲಿ ಏನಿದೆಯೆಂದು ಕೇಳಲು ಒಂದು ದಿನ ಸಾಕು. ಮುಂದಿನ ಹಂಗಾಮಿಗೆ ಮೊದಲೇ ಅದನ್ನು ಕೇಳಬೇಕು.