ಹೆಸರು ಸಿಕ್ಕರೆ ಪತ್ರ ಮುಟ್ಟುತ್ತದೆ: ಮೇಲ್ ಸರ್ವರ್‌ನ ಹುಡುಕು ಪಟ್ಟಿಗಳನ್ನು ಕಮಾಂಡ್ ಲೈನ್‌ನಲ್ಲಿ ಕಟ್ಟುವುದು

ಗಡಿನಾಡಿನ ಭಾಷೆ, ಶಾಲೆಗಳ ಬಗ್ಗೆ ಮಾತಾಡುವ ವೇದಿಕೆಯಲ್ಲಿ ಮೇಲ್ ಸರ್ವರ್ ಯಾಕೆ ಅಂತ ನಿಮಗೆ ಅನ್ನಿಸಬಹುದು. ನಮ್ಮ ಗುಂಪಿನ ಇಮೇಲ್ ಸರ್ವರ್ ನೋಡಿಕೊಳ್ಳುವ ಕೆಲಸ ನನ್ನದು. ಒಮ್ಮೆ ಜತ್ ಕಡೆಯ ನಿವೃತ್ತ ಶಿಕ್ಷಕರೊಬ್ಬರು ತಮ್ಮ ಊರಿನ ವಿಳಾಸಕ್ಕೆ ಲೇಖನ ಕಳಿಸಿದರು. ಅಂಥ ವಿಳಾಸವೇ ಇಲ್ಲ ಅಂತ ಅದು ವಾಪಸ್ ಹೋಯಿತು. ನಾನು ಪಟ್ಟಿ ತಿದ್ದಿ, ಮತ್ತೆ ಕಳಿಸಿ ಸರ್ ಅಂದೆ. ಎರಡನೇ ಸಲವೂ ವಾಪಸ್ ಹೋಯಿತು. ತಮ್ಮನ್ನು ಗುಂಪಿನಿಂದ ಕೈಬಿಟ್ಟಿದ್ದಾರೆ ಎಂದೇ ಅವರು ತಿಳಿದರು. ತಪ್ಪು ಎರಡೂ ಸಲ ನನ್ನದೇ. ಆ ಎರಡು ತಪ್ಪುಗಳನ್ನೇ ಇವತ್ತು ಬಿಡಿಸಿ ಹೇಳ್ತೇನೆ.

ನಾವು ಬಳಸುವುದು ಪೋಸ್ಟ್‌ಫಿಕ್ಸ್. ವೀಟ್ಸೆ ವೆನೆಮಾ ಅವರು ಐಬಿಎಂ ಸಂಶೋಧನಾಲಯದಲ್ಲಿದ್ದಾಗ ಬರೆದ ಈ ತಂತ್ರಾಂಶ 1998ರಲ್ಲಿ ಹೊರಬಂತು. ಯಾವ ವಿಳಾಸದ ಪತ್ರ ಯಾರಿಗೆ ಹೋಗಬೇಕು ಎಂಬುದನ್ನು ಒಂದು ಸಾದಾ ಪಠ್ಯ ಕಡತದಲ್ಲಿ ಬರೆಯುತ್ತೇವೆ. ಪ್ರತಿ ಸಾಲಿನಲ್ಲಿ ಎಡಕ್ಕೆ ಹುಡುಕುವ ವಿಳಾಸ, ನಡುವೆ ಖಾಲಿ ಜಾಗ, ಬಲಕ್ಕೆ ತಲುಪಬೇಕಾದ ವಿಳಾಸ. ಹ್ಯಾಶ್ ಚಿಹ್ನೆಯಿಂದ ಶುರುವಾಗುವ ಸಾಲು ಟಿಪ್ಪಣಿ. ಖಾಲಿ ಜಾಗದಿಂದ ಶುರುವಾದರೆ ಅದು ಹಿಂದಿನ ಸಾಲಿನ ಮುಂದುವರಿಕೆ. ಇದು ಗೊತ್ತಿಲ್ಲದೆ ಸಾಲನ್ನು ಸ್ವಲ್ಪ ಒಳಕ್ಕೆ ಸರಿಸಿ ಬರೆದರೆ ಎರಡು ನಮೂದು ಸೇರಿ ಒಂದಾಗಿಬಿಡುತ್ತವೆ.

ಆದರೆ ಸರ್ವರ್ ಈ ಪಠ್ಯವನ್ನು ಓದುವುದಿಲ್ಲ. ದೊಡ್ಡ ಪಟ್ಟಿಯನ್ನು ಪ್ರತಿ ಪತ್ರಕ್ಕೂ ಮೇಲಿಂದ ಕೆಳಗೆ ಓದುತ್ತ ಕೂತರೆ ಆಗುವ ಕೆಲಸವಲ್ಲ. ಅದಕ್ಕೆ ನೇರ ಹುಡುಕಬಹುದಾದ ಡೇಟಾಬೇಸ್ ಬೇಕು. ಅದನ್ನು ಕಟ್ಟುವ ಆಜ್ಞೆ ಪೋಸ್ಟ್‌ಮ್ಯಾಪ್ (ಆಜ್ಞೆಗಳನ್ನು ಇಲ್ಲಿ ಉಚ್ಚಾರದಂತೆ ಬರೆದಿದೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು):

ಪೋಸ್ಟ್‌ಮ್ಯಾಪ್ ಹ್ಯಾಶ್:/ಇಟಿಸಿ/ಪೋಸ್ಟ್‌ಫಿಕ್ಸ್/ವರ್ಚುವಲ್

ಆಗ ಪಕ್ಕದಲ್ಲೇ ‘ವರ್ಚುವಲ್.ಡಿಬಿ’ ಎಂಬ ಕಡತ ಹುಟ್ಟುತ್ತದೆ. ಸರ್ವರ್ ಓದುವುದು ಇದನ್ನೇ. ನನ್ನ ಎರಡನೇ ತಪ್ಪು ಇಲ್ಲಿತ್ತು: ಪಠ್ಯ ತಿದ್ದಿದ್ದೆ, ಪೋಸ್ಟ್‌ಮ್ಯಾಪ್ ಓಡಿಸಿರಲಿಲ್ಲ. ಡೇಟಾಬೇಸ್ ಮೂಲ ಕಡತಕ್ಕಿಂತ ಹಳೆಯದು ಎಂದು ಲಾಗ್‌ನಲ್ಲಿ ಎಚ್ಚರಿಕೆ ಬಂದಿತ್ತು. ನಾನು ನೋಡಿರಲಿಲ್ಲ, ಅಷ್ಟೇ.

ಹ್ಯಾಶ್ ಬಗೆಗೆ ಬರ್ಕ್ಲಿ ಡಿಬಿ ಬೇಕು. ಕೆಲವು ಲಿನಕ್ಸ್‌ಗಳು ಅದನ್ನು ಬಿಟ್ಟು ಎಲ್‌ಎಂಡಿಬಿಗೆ ಹೋಗಿವೆ. ನಿಮ್ಮಲ್ಲಿ ಯಾವುದಿದೆ ಎಂದು ‘ಪೋಸ್ಟ್‌ಕಾನ್ಫ್ -ಎಂ’ ಹೇಳುತ್ತದೆ.

ಕಟ್ಟಿದ ಮೇಲೆ ಪರೀಕ್ಷಿಸಿ. ‘-ಕ್ಯೂ’ ಜೊತೆಗೆ ಒಂದು ವಿಳಾಸ ಕೊಟ್ಟರೆ ಅದರ ಬಲಬದಿಯನ್ನು ಪೋಸ್ಟ್‌ಮ್ಯಾಪ್ ತೋರಿಸುತ್ತದೆ. ಏನೂ ಬರಲಿಲ್ಲ ಅಂದರೆ ಆ ವಿಳಾಸ ಪಟ್ಟಿಯಲ್ಲಿಲ್ಲ. ‘-ಎಸ್’ ಇಡೀ ಡೇಟಾಬೇಸ್ ತೋರಿಸುತ್ತದೆ. ಒಂದೇ ವಿಳಾಸ ಎರಡು ಸಲ ಬಂದರೆ ಹ್ಯಾಶ್ ಬಗೆಯಲ್ಲಿ ಮೊದಲನೆಯದು ಉಳಿಯುತ್ತದೆ, ಎರಡನೆಯದಕ್ಕೆ ಎಚ್ಚರಿಕೆ ಬರುತ್ತದೆ. ಹಾಗಾಗಿ ತಿದ್ದುಪಡಿಯನ್ನು ಕೆಳಗೆ ಸೇರಿಸಿದರೆ ಸಾಲದು, ಹಳೆಯ ಸಾಲನ್ನು ತೆಗೆಯಬೇಕು.

ಇನ್ನೊಂದು ಮಾತು. ಕಟ್ಟುವ ಹೊತ್ತಿಗೆ ಡಿಸ್ಕ್ ತುಂಬಿದರೆ ಅರ್ಧಂಬರ್ಧ ಡೇಟಾಬೇಸ್ ಉಳಿಯುತ್ತದೆ. ಅದಕ್ಕೆ ಪಠ್ಯವನ್ನು ‘ವರ್ಚುವಲ್.ಇನ್’ ಎಂದಿಟ್ಟು, ಅದರಿಂದ ಕಟ್ಟಿ, ಕೆಲಸ ಸರಿಯಾಗಿ ಮುಗಿದರೆ ಮಾತ್ರ ‘ಎಂವಿ’ ಆಜ್ಞೆಯಿಂದ ‘ವರ್ಚುವಲ್.ಡಿಬಿ’ ಎಂಬ ಹೆಸರಿಗೆ ಸರಿಸುವುದು ಒಳ್ಳೇದು. ಅಲ್ಲಿತನಕ ಹಳೆಯದು ನಡೆಯುತ್ತಿರುತ್ತದೆ.

ಈಗ ಮೊದಲ ತಪ್ಪಿಗೆ ಬರೋಣ. ಅದು ನಮ್ಮ ಊರುಗಳದ್ದೇ ಕಥೆ. ಇಂಗ್ಲಿಷಿನಲ್ಲಿ ಜತ್ ಕೊನೆಗೆ ‘ಎಚ್’ ಇಟ್ಟು ಬರೆಯುವವರಿದ್ದಾರೆ, ಇಡದವರೂ ಇದ್ದಾರೆ. ಸೊಲ್ಲಾಪುರಕ್ಕೆ ಹಳೆಯ ದಾಖಲೆಗಳಲ್ಲಿ ‘ಎಸ್’ ಪಕ್ಕ ‘ಎಚ್’ ಇದೆ, ಈಗಿನದರಲ್ಲಿ ಇಲ್ಲ. ಕಾಸರಗೋಡಿನ ನಡುವಿನ ‘ಎ’ ಕೆಲವರಿಗುಂಟು, ಕೆಲವರಿಗಿಲ್ಲ. ತಾಳವಾಡಿಯ ‘ತ’ಕ್ಕೆ ತಮಿಳುನಾಡಿನ ರೂಢಿಯಲ್ಲಿ ‘ಎಚ್’ ಸೇರುವುದುಂಟು. ಓದುವ ಮನುಷ್ಯನಿಗೆ ಇವೆಲ್ಲ ಒಂದೇ ಊರು. ಡೇಟಾಬೇಸ್‌ಗೆ ಬೇರೆ ಬೇರೆ. ದೊಡ್ಡಕ್ಷರ, ಸಣ್ಣಕ್ಷರದ ವ್ಯತ್ಯಾಸವನ್ನು ಪೋಸ್ಟ್‌ಮ್ಯಾಪ್ ತಾನೇ ಸರಿಮಾಡಿಕೊಳ್ಳುತ್ತದೆ, ಕಾಗುಣಿತವನ್ನಲ್ಲ. ನಾನು ‘ಎಚ್’ ಇಲ್ಲದ ಜತ್ ಮಾತ್ರ ಬರೆದಿದ್ದೆ. ಮೇಷ್ಟ್ರು ತಮ್ಮ ಊರಿನ ಹೆಸರನ್ನು ತಾವು ಬರೆಯುವ ಹಾಗೆಯೇ ಬರೆದಿದ್ದರು. ಪರಿಹಾರ ಸರಳ: ಬಳಕೆಯಲ್ಲಿರುವ ಪ್ರತಿ ರೂಪಕ್ಕೂ ಒಂದೊಂದು ಸಾಲು, ಬಲಬದಿ ಎಲ್ಲಕ್ಕೂ ಒಂದೇ. ಯಾವ ರೂಪಗಳಿವೆ ಎಂಬುದನ್ನು ಮಾತ್ರ ಆ ಊರಿನವರನ್ನೇ ಕೇಳಬೇಕು.

ಕನ್ನಡ ಲಿಪಿಯಲ್ಲೇ ವಿಳಾಸ ಬರೆದರೆ ಈ ಗೊಂದಲವೇ ಇರಲ್ಲವಲ್ಲ ಅಂತ ಚಾಟ್‌ನಲ್ಲಿ ಒಬ್ಬರು ಕೇಳಿದ್ದಾರೆ. ಆಗುತ್ತದೆ. ಅದರ ಮಾನದಂಡ 2012ರಲ್ಲಿ ಬಂತು, ಪೋಸ್ಟ್‌ಫಿಕ್ಸ್ 2015ರ 3.0 ಆವೃತ್ತಿಯಿಂದ ಅದನ್ನು ಬೆಂಬಲಿಸುತ್ತದೆ. ಆದರೆ ಪತ್ರ ದಾಟಿ ಹೋಗುವ ಪ್ರತಿ ಸರ್ವರ್‌ಗೂ ಆ ಬೆಂಬಲ ಇರಬೇಕು. ಜೊತೆಗೆ ಯೂನಿಕೋಡ್‌ನಲ್ಲಿ ‘ಗೋ’ದ ಓತ್ವವನ್ನು ಒಂದೇ ಸಂಕೇತವಾಗಿಯೂ ಬಿಡಿಬಿಡಿ ತುಂಡುಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಬೈಟ್‌ಗಳು ಬೇರೆ. ಪಟ್ಟಿಗೆ ಹಾಕುವ ಮೊದಲು ಒಂದೇ ರೂಪಕ್ಕೆ ತಂದುಕೊಳ್ಳಿ.

ಮೇಷ್ಟ್ರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಮೂರನೇ ಸಲ ಲೇಖನ ಬಂತು. ಈಗ ನಾನು ಪಟ್ಟಿ ತಿದ್ದಿದ ಮೇಲೆ ‘-ಕ್ಯೂ’ ಹಾಕಿ ನೋಡದೆ ಯಾರಿಗೂ ‘ಸರಿಹೋಯಿತು’ ಅನ್ನುವುದಿಲ್ಲ.