ಉಣ್ಣೆಯ ಹುಲಿಯ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಗದ್ದೆಗಳಲ್ಲಿ ಮಳೆಗಾಲದ ಸಂಗಾತಿಯಾಗಿದ್ದುದು ಕಂಬಳಿಕೊಪ್ಪೆ. ಬಳಸಿದಷ್ಟೂ ಕಂಬಳಿ ದಟ್ಟವಾಗುತ್ತದೆ. ಉಣ್ಣೆಯ ಎಳೆಗಳ ಮೇಲಿನ ಸೂಕ್ಷ್ಮ ಹುರುಪೆಗಳು ಒಂದಕ್ಕೊಂದು ತೊಡರಿಕೊಳ್ಳುವುದೇ ಅದಕ್ಕೆ ಕಾರಣ. ಈ ಗುಣವನ್ನೇ ನಂಬಿ, ಬರಿಯ ಸೂಜಿಯಿಂದ ಗೊಂಬೆ ಮಾಡುವ ಕಲೆಯೊಂದುಂಟು. ಆ ಸೂಜಿಗೆ ದಾರವಿಲ್ಲ, ದಾರ ಪೋಣಿಸುವ ಕಣ್ಣೂ ಇಲ್ಲ. ಅಂಚಿನಲ್ಲಿ ಸಣ್ಣ ಕಚ್ಚುಗಳಿವೆ. ಹಿಂಜಿದ ಉಣ್ಣೆಯ ಉಂಡೆಯನ್ನು ಮತ್ತೆ ಮತ್ತೆ ಚುಚ್ಚಿದಂತೆ ಎಳೆಗಳು ಒಳಸೇರಿ ಬಿಗಿಯುತ್ತವೆ. ಹೆಚ್ಚು ಚುಚ್ಚಿದೆಡೆ ಕಣ್ಣಿನ ಗುಳಿ, ಕಡಮೆ ಚುಚ್ಚಿದೆಡೆ ಕೆನ್ನೆ.

ಕೊಪ್ಪ ಸೀಮೆಯ ಹಿರೇಕೊಡಿಗೆಯಲ್ಲಿ 1904ರಲ್ಲಿ ಜನಿಸಿದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಓದಿದವರು ನಾಯಿಗುತ್ತಿಯನ್ನೂ ಅವನ ಹುಲಿಯನನ್ನೂ ಮರೆಯರು. ಆ ನಾಯಿಯ ರೋಮವನ್ನು ಮೂಡಿಸಲು ಉಣ್ಣೆಗಿಂತ ತಕ್ಕ ವಸ್ತುವುಂಟೆ? ಕಷ್ಟವಿರುವುದು ನೋಟದಲ್ಲಿ. ಬಿಗಿದ ಉಣ್ಣೆ ಸುಲಭವಾಗಿ ಬಿಚ್ಚದು. ಕಣ್ಣಿನ ಬಳಿ ನಾಲ್ಕು ಚುಚ್ಚು ಹೆಚ್ಚಾದರೆ ಅದು ಹುಲಿಯನಲ್ಲ, ಯಾವುದೋ ಬೀದಿನಾಯಿ.