ಹಳದಿ ನಿವೇಶನ ನೀಲಿಯಾಗುವ ಮುನ್ನ

ಅಭ್ಯಾಸ ಬೋಧನೆಯಲ್ಲಿ ಒಂಬತ್ತನೇ ತರಗತಿಗೆ ನಗರ ಯೋಜನೆಯ ಪಾಠ ಮಾಡಿದೆ. ಮೊದಲ ದಿನ ‘ಭೂ ಉಪಯೋಗ ಬದಲಾವಣೆ’ಯ ವ್ಯಾಖ್ಯೆಯನ್ನು ಕಪ್ಪುಹಲಗೆಯ ಮೇಲೆ ಬರೆದೆ. ಮಕ್ಕಳು ನಕಲು ಮಾಡಿಕೊಂಡರು, ಅಷ್ಟೆ.

ಮರುದಿನ ಕಾಲ್ಪನಿಕ ಬಡಾವಣೆಯೊಂದರ ನಕ್ಷೆ ಬಿಡಿಸಿದೆ: ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಉದ್ಯಾನಕ್ಕೆ ಹಸಿರು. ಶಾಲೆಯ ಪಕ್ಕದ ಹಳದಿ ನಿವೇಶನವನ್ನು ನೀಲಿ ಮಾಡಿಕೊಡಿ ಎಂದು ಮಾಲೀಕ ಅರ್ಜಿ ಹಾಕಿದ್ದಾನೆ. ಮುಂದೇನು?

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961ರ 14-ಎ ಪ್ರಕರಣದ ಪ್ರಕಾರ ಇಂಥ ಬದಲಾವಣೆ ಸಾರ್ವಜನಿಕ ಹಿತಕ್ಕಾಗಿ ಇರಬೇಕು, ಅಧಿನಿಯಮಕ್ಕೆ ವಿರುದ್ಧವಾಗಿರಬಾರದು. ಯೋಜನಾ ಪ್ರಾಧಿಕಾರವು ಪ್ರಸ್ತಾವವನ್ನು ದಿನಪತ್ರಿಕೆಯಲ್ಲಿ ಪ್ರಕಟಿಸಿ, ಆಕ್ಷೇಪಣೆಗೆ ಕನಿಷ್ಠ 15 ದಿನ ಕೊಡಬೇಕು.

ತರಗತಿಯನ್ನು ಮಾಲೀಕ, ನೆರೆಹೊರೆ, ಪ್ರಾಧಿಕಾರ ಎಂದು ಮೂರು ಗುಂಪು ಮಾಡಿದೆ. ನೆರೆಹೊರೆಯವರು ‘ಬೇಡ, ಬೇಡ’ ಎಂದು ಕೂಗಿದರು. ‘ಕಾರಣ ಬರೆದು ಕೊಡಿ’ ಎಂದಿತು ಪ್ರಾಧಿಕಾರ. ಆಗ ರಸ್ತೆಯ ಅಗಲ, ಶಾಲೆ ಬಿಡುವ ಹೊತ್ತಿನ ವಾಹನಗಳು, ಒಳಚರಂಡಿ ಎಲ್ಲವೂ ಕಾಗದಕ್ಕೆ ಇಳಿದವು. ಮಾಲೀಕನ ಗುಂಪು, ಅಂಗಡಿಗಳು ಬಂದರೆ ಕೆಲಸ ಸಿಗುತ್ತದೆ ಎಂದು ವಾದಿಸಿತು.

ಕೊನೆಗೆ ಹುಡುಗಿಯೊಬ್ಬಳು ಕೇಳಿದಳು: ‘ಟೀಚರ್, ನಮ್ಮ ಮನೆಗೆ ಪೇಪರ್ ಬರುವುದೇ ಇಲ್ಲ. ನಮಗೆ 15 ದಿನ ಯಾವತ್ತಿನಿಂದ?’

‘ಪ್ರಕಟವಾದ ದಿನದಿಂದ’ ಎಂದೆ. ಉತ್ತರ ಸರಿಯಾಗಿತ್ತು; ಆದರೆ ಅವಳಿಗೆ ಅದರಿಂದ ಉಪಯೋಗವಿರಲಿಲ್ಲ. ನನ್ನ ಪಾಠ ಯೋಜನೆಯಲ್ಲಿ ಆ ಪ್ರಶ್ನೆಗೆ ಜಾಗವೇ ಇರಲಿಲ್ಲ.

ಮುಂದಿನ ಅವಧಿಗೆ ಗ್ರಂಥಾಲಯದಿಂದ ಪತ್ರಿಕೆಗಳನ್ನು ತಂದು, ಸಾರ್ವಜನಿಕ ಪ್ರಕಟಣೆಗಳನ್ನು ಹುಡುಕಿಸಿ, ಕೊನೆಯ ದಿನಾಂಕ ಲೆಕ್ಕ ಹಾಕಿಸಿದೆ. ಸಹಪಾಠಿಗಳಿಗೆ ನನ್ನ ಸಲಹೆ ಇಷ್ಟೆ: ಈ ಪಾಠವನ್ನು ವ್ಯಾಖ್ಯೆಯಿಂದಲ್ಲ, ಪ್ರಕಟಣೆಯಿಂದ ಆರಂಭಿಸಿ.